ಐ5 ಎಂದರೆ ಸಾಲದು, ಬೋರ್ಡ್ ಯಾವುದು ಹೇಳಿ

ಮಾನ್ಯ ಸಂಪಾದಕರೇ,

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಂದಿನಿಂದ ಅಂಗಡಿಗಳಲ್ಲಿ ‘ಹಳೇ ಕಂಪ್ಯೂಟರ್ ಇನ್ನು ನಡೆಯಲ್ಲ, ಹೊಸದು ತಗೊಳ್ಳಿ’ ಎಂಬ ಮಾತು ಹೆಚ್ಚಾಗಿದೆ. ಕ್ಯಾಬಿನೆಟ್, ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ), ಮಾನಿಟರ್, ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕ್‌ಗಿಂತ ವೇಗದ ಡ್ರೈವ್) ಚೆನ್ನಾಗಿರುವ ಮನೆಯಲ್ಲಿ ಪ್ರೊಸೆಸರ್ ಮತ್ತು ಅದು ಕೂರುವ ಮದರ್‌ಬೋರ್ಡ್ ಎರಡನ್ನೇ ಬದಲಿಸಿದರೆ ಸಾಕಾಗುತ್ತದೆ. ಎಷ್ಟೋ ಕಡೆ ಅದೂ ಬೇಕಿಲ್ಲ. ಈ ಜೋಡಿಯನ್ನು ಆರಿಸುವಾಗ ಜನ ಎಲ್ಲಿ ಎಡವುತ್ತಾರೆ ಎಂಬುದನ್ನು ನಿಮ್ಮ ಓದುಗರ ಮುಂದಿಡಲು ಈ ಪತ್ರ.

ಐ3, ಐ5, ಐ7 ಎಂಬವು ಇಂಟೆಲ್ ಕಂಪನಿಯ ಪ್ರೊಸೆಸರ್ ದರ್ಜೆಗಳು. ಬಹಳ ಜನ ಕೇಳುವುದು ‘ಐ5 ಹಾಕಿಸಲೋ, ಐ7 ಹಾಕಿಸಲೋ’ ಎಂದು. ಜನರೇಷನ್, ಅಂದರೆ ಯಾವ ತಲೆಮಾರಿನದು ಎಂದು ಹೇಳದೆ ಈ ಪ್ರಶ್ನೆಗೆ ಉತ್ತರವೇ ಇಲ್ಲ. 2012ರ ಐ5-3470ಕ್ಕೆ (ಗೆರೆಯ ನಂತರದ 3 ಎಂದರೆ ಮೂರನೇ ಜನರೇಷನ್) ನಾಲ್ಕು ಕೋರ್ (ಕೆಲಸ ಮಾಡುವ ಘಟಕ), ನಾಲ್ಕು ಥ್ರೆಡ್ (ಒಮ್ಮೆಲೇ ನಡೆಸಬಲ್ಲ ಕೆಲಸದ ಸಾಲು). 2022ರ ಐ3-12100ಕ್ಕೆ (ಹನ್ನೆರಡನೇ ಜನರೇಷನ್) ನಾಲ್ಕು ಕೋರ್, ಎಂಟು ಥ್ರೆಡ್. ವೇಗದಲ್ಲಿ ಅದು ಆ ಐ5ಅನ್ನು ಬಹಳ ಹಿಂದೆ ಹಾಕುತ್ತದೆ. ಹೀಗಿದ್ದೂ 2011ರ ಎಚ್61 ಚಿಪ್‌ಸೆಟ್ (ಯಾವ ಪ್ರೊಸೆಸರ್ ಹೊಂದುತ್ತದೆಂದು ತೀರ್ಮಾನಿಸುವ, ಬೋರ್ಡಿನ ಮುಖ್ಯ ಚಿಪ್) ಇರುವ ಬೋರ್ಡ್ ಇಂದಿಗೂ ಹೊಸ ಬಾಕ್ಸಿನಲ್ಲಿ ಸಿಗುತ್ತದೆ. ಅದಕ್ಕೆ ಬಳಸಿ ತೆಗೆದ ಮೂರನೇ ಜನರೇಷನ್ ಪ್ರೊಸೆಸರ್ ಕೂರಿಸಿ ‘ಐ5 ಕಾಂಬೋ’, ‘ಐ7 ಕಾಂಬೋ’ ಎಂದು ಮಾರುತ್ತಾರೆ. ಬೋರ್ಡಿನಲ್ಲಿ ಎಂ.2 ಸ್ಲಾಟ್ (ಚಿಕ್ಕ ಎಸ್‌ಎಸ್‌ಡಿ ಕೂರಿಸುವ ಜಾಗ) ಇರುವುದನ್ನು ತೋರಿಸಿ ಹೊಸ ಮಾಡೆಲ್ ಎಂದು ನಂಬಿಸುವುದೂ ಉಂಟು. ಆ ಪ್ರೊಸೆಸರ್ ವಿಂಡೋಸ್ 11 ಒಪ್ಪುವ ಪ್ರೊಸೆಸರುಗಳ ಪಟ್ಟಿಯಲ್ಲಿಲ್ಲ, ಹಾಕುವ ಹಳೆ ಬಗೆಯ ಡಿಡಿಆರ್3 ರ‍್ಯಾಮ್ ಮುಂದೆ ಯಾವ ಬೋರ್ಡಿಗೂ ಬರುವುದಿಲ್ಲ. ಮಕ್ಕಳ ಓದಿಗೆಂದು ಕಷ್ಟಪಟ್ಟು ದುಡ್ಡು ಹೊಂದಿಸಿದ ಮನೆಯವರೇ ಇದಕ್ಕೆ ಹೆಚ್ಚಾಗಿ ಸಿಲುಕುವುದು ನೋವಿನ ಸಂಗತಿ.

ಕೈಚೀಲ ಹಿಡಿಯುವ ಮೊದಲು ಮನೆಯ ಯಂತ್ರವನ್ನೇ ಕೇಳಿ. ಸ್ಟಾರ್ಟ್ ಮೆನುವಿನಲ್ಲಿ ಸಿಸ್ಟಮ್ ಇನ್ಫರ್ಮೇಷನ್ ತೆರೆದರೆ ಪ್ರೊಸೆಸರ್, ಬೇಸ್‌ಬೋರ್ಡ್ ಪ್ರಾಡಕ್ಟ್ (ಬೋರ್ಡಿನ ಮಾಡೆಲ್), ಬಯೋಸ್ ವರ್ಷನ್, ಬಯೋಸ್ ಮೋಡ್ ಎಂಬ ಸಾಲುಗಳು ಸಿಗುತ್ತವೆ. ಬಯೋಸ್ ಎಂದರೆ ಯಂತ್ರ ಆನ್ ಮಾಡಿದೊಡನೆ ಓಡುವ, ಬೋರ್ಡಿನೊಳಗಿನ ತಂತ್ರಾಂಶ. ನಾಲ್ಕನ್ನೂ ಬರೆದುಕೊಳ್ಳಿ. ಇಂಟೆಲ್ ಎಂಟನೇ ಜನರೇಷನ್ ಅಥವಾ ನಂತರದ್ದಾಗಿದ್ದರೆ ಯಾವುದನ್ನೂ ಕೊಳ್ಳಬೇಡಿ. ವಿಂಡೋಸ್ 11 ‘ಆಗುವುದಿಲ್ಲ’ ಎನ್ನುತ್ತಿದ್ದರೆ ಬಹುಪಾಲು ಟಿಪಿಎಂ (ಭದ್ರತಾ ಕೀಲಿಗಳನ್ನು ಕಾಯುವ ಭಾಗ) ಆಫ್ ಆಗಿರುತ್ತದೆ. ಬಯೋಸ್‌ನಲ್ಲಿ ಇಂಟೆಲ್ ಬೋರ್ಡಾದರೆ ಪಿಟಿಟಿ, ಇನ್ನೊಂದು ಪ್ರೊಸೆಸರ್ ಕಂಪನಿಯಾದ ಎಎಂಡಿಯ ಬೋರ್ಡಾದರೆ ಎಫ್‌ಟಿಪಿಎಂ ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಬಯೋಸ್ ಮೋಡ್ ಲೆಗಸಿ (ಹಳೆ ವಿಧಾನ) ಎಂದಿದ್ದರೆ ಡಿಸ್ಕನ್ನು ಜಿಪಿಟಿ ಎಂಬ ವಿಭಜನೆ ಕ್ರಮಕ್ಕೆ ಬದಲಿಸಿ ಯುಇಎಫ್‌ಐ ಎಂಬ ಹೊಸ ವಿಧಾನಕ್ಕೆ ತರಬೇಕು. ಅದಕ್ಕೆ ಮುಂಚೆ ಬ್ಯಾಕಪ್ ಕಡ್ಡಾಯ. ಇನ್ನು ಯಂತ್ರ ನಿಧಾನ ಎಂಬುದಷ್ಟೇ ದೂರಾಗಿದ್ದು ವಿಂಡೋಸ್ ಇನ್ನೂ ಹಾರ್ಡ್‌ಡಿಸ್ಕ್‌ನಿಂದ ಓಡುತ್ತಿದ್ದರೆ, ಎಸ್‌ಎಸ್‌ಡಿ ಹಾಕಿಸಿ ನೋಡದೆ ಪ್ರೊಸೆಸರ್ ಮಾತು ಎತ್ತಲೇಬಾರದು.

ಆರು, ಏಳನೇ ಜನರೇಷನ್ನಿನ ಎಚ್110, ಬಿ250 ಬೋರ್ಡ್ ಇರುವವರು ಒಂದು ಬಲೆಯನ್ನು ಗಮನಿಸಬೇಕು. ಎಂಟನೇ ಜನರೇಷನ್ನಿನ ಐ3-8100ರ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಕೂಡ ಎಲ್‌ಜಿಎ 1151, ಎಚ್110 ಕೂಡ ಎಲ್‌ಜಿಎ 1151. ಪಿನ್ ಸಂಖ್ಯೆ ಒಂದೇ, ಪ್ರೊಸೆಸರ್ ಸಾಕೆಟ್ಟಿನಲ್ಲಿ ಕೂರುತ್ತದೆ, ಡಿಸ್‌ಪ್ಲೇ ಮಾತ್ರ ಬರುವುದಿಲ್ಲ. ಎಂಟು, ಒಂಬತ್ತನೇ ಜನರೇಷನ್‌ಗೆ 300 ಸರಣಿಯ ಚಿಪ್‌ಸೆಟ್ಟೇ ಬೇಕು. ಆದ್ದರಿಂದ ಇವರಿಗೆ ಎರಡೂ ಬದಲಾಗಲೇಬೇಕು.

ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡ್ ಇದ್ದವರ ಅದೃಷ್ಟ ಬೇರೆ. 2017ರ ಎ320, ಬಿ350 ಬೋರ್ಡ್‌ಗಳಿಗೂ ರೈಜನ್ 5000 ಸರಣಿಯ ಪ್ರೊಸೆಸರ್ ಹಾಕಲು ಎಎಂಡಿ 2022ರಲ್ಲಿ ದಾರಿ ಮಾಡಿಕೊಟ್ಟಿತು. ಬೋರ್ಡ್ ತಯಾರಕರು ಅದಕ್ಕೆ ಬಯೋಸ್ ಬಿಡುಗಡೆ ಮಾಡಿರಬೇಕು, ಅಷ್ಟೇ. ವಿಂಡೋಸ್ 11ರ ಪಟ್ಟಿಯಲ್ಲಿಲ್ಲದ ರೈಜನ್ 3 1200 ಅಥವಾ 2200ಜಿ ತೆಗೆದು, ಅದೇ ಬೋರ್ಡಿಗೆ 5600 ಇಲ್ಲವೇ 5600ಜಿ ಹಾಕಿದರೆ ಯಂತ್ರಕ್ಕೆ ಇನ್ನೂ ಹಲವು ವರ್ಷ ಆಯುಷ್ಯ. ಕ್ರಮ ಮಾತ್ರ ತಪ್ಪಬಾರದು. ಹಳೆಯ ಪ್ರೊಸೆಸರ್ ಬೋರ್ಡಿನಲ್ಲಿರುವಾಗಲೇ, ಎಫ್‌ಎಟಿ32 ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್‌ನಿಂದ ಬಯೋಸ್ ಅಪ್‌ಡೇಟ್ ಮಾಡಬೇಕು, ಯುಪಿಎಸ್ ಮೇಲೆಯೇ ಮಾಡಬೇಕು. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ. ಮೊದಲೇ ಹೊಸ ಪ್ರೊಸೆಸರ್ ಹಾಕಿದರೆ ಕಪ್ಪು ಪರದೆ. ಕೂಲರ್ ತೆಗೆಯುವಾಗ ಇನ್ನೊಂದು ಅಪಾಯವಿದೆ: ಎಎಂ4ರಲ್ಲಿ ಪಿನ್ನುಗಳಿರುವುದು ಪ್ರೊಸೆಸರಿಗೆ. ಒಣಗಿದ ಥರ್ಮಲ್ ಪೇಸ್ಟ್ ಹಿಡಿದುಕೊಂಡು, ಲಿವರ್ ಹಾಕಿದ್ದರೂ ಪ್ರೊಸೆಸರ್ ಕೂಲರಿನ ಜೊತೆಗೇ ಕಿತ್ತು ಬಂದು ಪಿನ್ ಬಾಗುತ್ತವೆ. ಹತ್ತು ನಿಮಿಷ ಯಂತ್ರ ಓಡಿಸಿ ಬಿಸಿ ಮಾಡಿ, ಪವರ್ ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲನೆ ತಿರುಗಿಸಿ ಆಮೇಲೆ ಎತ್ತಬೇಕು.

ಎರಡೂ ಹೊಸದೇ ಬೇಕೆನ್ನುವವರಿಗೆ, ಮನೆಯಲ್ಲಿ ಡಿಡಿಆರ್4 ರ‍್ಯಾಮ್ ಇದ್ದರೆ, ಡಿಡಿಆರ್4 ಹಿಡಿಯುವ ಬೋರ್ಡೇ ಲಾಭ. ಈಚೆಗೆ ರ‍್ಯಾಮ್ ಬೆಲೆ ಏರಿರುವುದರಿಂದ ಇದು ಇನ್ನೂ ಮುಖ್ಯ. ಇಂಟೆಲ್ ಹನ್ನೆರಡರಿಂದ ಹದಿನಾಲ್ಕನೇ ಜನರೇಷನ್ ಕೂರುವ ಎಲ್‌ಜಿಎ 1700 ಸಾಕೆಟ್ಟಿನ ಎಚ್610, ಬಿ760 ಬೋರ್ಡ್‌ಗಳು ಡಿಡಿಆರ್4, ಡಿಡಿಆರ್5 ಎರಡು ಬಗೆಯಲ್ಲೂ ಬರುತ್ತವೆ. ಒಂದರ ರ‍್ಯಾಮ್ ಇನ್ನೊಂದಕ್ಕೆ ಕೂರುವುದಿಲ್ಲ, ಹೆಸರಿನ ಕೊನೆಯ ಅಕ್ಷರದವರೆಗೂ ಓದಿ ಕೊಳ್ಳಿ. ಹಳೆಯ ರ‍್ಯಾಮ್ ಡಿಡಿಆರ್4 ಹೌದೇ ಎಂಬುದನ್ನೂ ನೋಡಿಕೊಳ್ಳಿ, ಕೆಲವು ಎಚ್110 ಬೋರ್ಡ್‌ಗಳು ಡಿಡಿಆರ್3ರವು. ಆಫೀಸ್ ಕೆಲಸ, ನುಡಿ ಟೈಪಿಂಗ್, ಆನ್‌ಲೈನ್ ತರಗತಿಗೆ ಐ3-12100 ಧಾರಾಳ. ಫೋಟೋ, ವಿಡಿಯೋ ಎಡಿಟಿಂಗ್ ಇದ್ದರೆ ಆರು ಕೋರ್, ಹನ್ನೆರಡು ಥ್ರೆಡ್ಡಿನ ಐ5-12400. ಮಾಡೆಲ್ ಕೊನೆಯಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದವರು 12400ಎಫ್ ಕೊಂಡರೆ ಮಾನಿಟರ್ ಕಪ್ಪಾಗಿಯೇ ಉಳಿಯುತ್ತದೆ. ರೈಜನ್ 5500, 5600 ಕೂಡ ಹಾಗೆಯೇ, 5600ಜಿಯಲ್ಲಿ ಮಾತ್ರ ಗ್ರಾಫಿಕ್ಸ್ ಇದೆ. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ಬಳಸುವುದರಿಂದ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿ ಮೇಲು.

ಪ್ರೊಸೆಸರಿಗೆ ದುಡ್ಡು ಸುರಿದು ಬೋರ್ಡಿನಲ್ಲಿ ಉಳಿಸುವವರು ಬಹಳ. ಪ್ರೊಸೆಸರಿಗೆ ವಿದ್ಯುತ್ ಹದಗೊಳಿಸಿ ಕೊಡುವ ವಿಆರ್‌ಎಂ ಭಾಗಕ್ಕೆ ಅಗ್ಗದ ಎಚ್610 ಬೋರ್ಡ್‌ಗಳಲ್ಲಿ ಹೀಟ್‌ಸಿಂಕ್ ಇರುವುದಿಲ್ಲ. ಅಲ್ಲಿ 180 ವ್ಯಾಟ್ ವರೆಗೆ ಎಳೆಯುವ ಐ7-12700 ಕೂರಿಸಿದರೆ ವಿಆರ್‌ಎಂ ಕಾದು ಪ್ರೊಸೆಸರ್ ವೇಗ ತಗ್ಗಿಸಿಕೊಳ್ಳುತ್ತದೆ. ಐ7ರ ದುಡ್ಡು ಕೊಟ್ಟು ಐ5ರ ಕೆಲಸ ಪಡೆದಂತಾಗುತ್ತದೆ. ಆ ಮಟ್ಟದ ಪ್ರೊಸೆಸರಿಗೆ ಹೀಟ್‌ಸಿಂಕ್ ಇರುವ ಬಿ760 ಬೇಕು. ಹದಿನಾಲ್ಕನೇ ಜನರೇಷನ್ ತೆಗೆದುಕೊಳ್ಳುವವರು ಹಳೆ ಸ್ಟಾಕಿನ ಎಚ್610 ಕೊಟ್ಟರೆ ಬಯೋಸ್ ಅಪ್‌ಡೇಟ್ ಮಾಡಿಸಿಯೇ ಮನೆಗೆ ತರಬೇಕು. ಹದಿಮೂರು, ಹದಿನಾಲ್ಕನೇ ಜನರೇಷನ್ನಿನ ಐ7, ಐ9 ಮತ್ತು ‘ಕೆ’ ಮಾಡೆಲ್ ಐ5ಗಳಲ್ಲಿ ಹೆಚ್ಚು ವೋಲ್ಟೇಜ್‌ನಿಂದ ಪ್ರೊಸೆಸರ್ ಸವೆದು ಕ್ರ್ಯಾಶ್ ಆಗುವ ದೋಷವನ್ನು ಇಂಟೆಲ್ 2024ರಲ್ಲಿ ಒಪ್ಪಿಕೊಂಡು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿದೆ. ತಡೆಯುವ ತಿದ್ದುಪಡಿ ಬಯೋಸ್ ಮೂಲಕವೇ ಬರುತ್ತದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಇವನ್ನು ಕೊಳ್ಳದಿರುವುದೇ ಕ್ಷೇಮ.

ಎಎಂಡಿಯ ಹೊಸ ಎಎಂ5 ಸಾಕೆಟ್ಟಿಗೆ ಡಿಡಿಆರ್5 ಮಾತ್ರ. ಖರ್ಚು ಹೆಚ್ಚು, ಮುಂದೆ ಅದೇ ಬೋರ್ಡಿಗೆ ಹೊಸ ಪ್ರೊಸೆಸರ್ ಹಾಕುವ ಅವಕಾಶವೂ ಹೆಚ್ಚು. ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ಪರದೆ ಕಪ್ಪಾಗಿರುತ್ತದೆ, ಗಾಬರಿಯಿಂದ ಸ್ವಿಚ್ ಆಫ್ ಮಾಡಬೇಡಿ.

ಬ್ರ್ಯಾಂಡೆಡ್ ಡೆಸ್ಕ್‌ಟಾಪ್ ಇದ್ದವರು ಕ್ಯಾಬಿನೆಟ್ ತೆರೆದು ನೋಡಬೇಕು. ಎಸ್‌ಎಂಪಿಎಸ್‌ನಿಂದ ಬೋರ್ಡಿಗೆ 24 ಪಿನ್ನಿನ ಬದಲು ಆರೋ ಎಂಟೋ ಪಿನ್ನಿನ ಕನೆಕ್ಟರ್ ಹೋಗಿದ್ದರೆ ಮಾರುಕಟ್ಟೆಯ ಬೋರ್ಡಿಗೆ ಆ ಎಸ್‌ಎಂಪಿಎಸ್ ಹೊಂದುವುದಿಲ್ಲ, ಕ್ಯಾಬಿನೆಟ್ಟಿನ ಸ್ಕ್ರೂ ಜಾಗಗಳೂ ಹೊಂದದಿರಬಹುದು. ಬದಲಾವಣೆಗೆ ಮುನ್ನ ಬಿಟ್‌ಲಾಕರ್ (ಡ್ರೈವ್‌ಗೆ ಬೀಗ ಹಾಕುವ ವಿಂಡೋಸ್ ವ್ಯವಸ್ಥೆ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಪ್ರೊಸೆಸರ್ ಇಲ್ಲವೇ ಬೋರ್ಡ್ ಬದಲಾದರೆ ಟಿಪಿಎಂ ಬದಲಾಗಬಹುದು, ಆಗ ಬೀಗ ಹಾಕಿದ ಡ್ರೈವ್ ಕೀ ಇಲ್ಲದೆ ತೆರೆಯದು. ಯಂತ್ರದ ಜೊತೆ ಬಂದ ಒಇಎಂ ವಿಂಡೋಸ್ ಲೈಸೆನ್ಸ್ ಹಳೆಯ ಬೋರ್ಡಿಗೇ ಸೇರಿದ್ದು, ಹೊಸ ಬೋರ್ಡಿಗೆ ಬರುವುದಿಲ್ಲ. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಇಂಟೆಲ್ ಬೋರ್ಡಿನ ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ಎಸೆಯಬೇಡಿ, ವಾರಂಟಿಗೆ ಕಳಿಸುವಾಗ ಪಿನ್ ಕಾಯಲು ಅದು ಬೇಕೇ ಬೇಕು.

ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಅಂಗಡಿಯವರೆಗೆ ವ್ಯಾಪಾರಿಗಳಲ್ಲಿ ನಮ್ಮ ವಿನಂತಿ: ಬಿಲ್ಲಿನಲ್ಲಿ ‘ಐ5 ಸೆಟ್’ ಎಂದು ಬರೆಯದೆ ಪ್ರೊಸೆಸರಿನ ಪೂರ್ಣ ಮಾಡೆಲ್, ಬೋರ್ಡಿನ ಚಿಪ್‌ಸೆಟ್, ಎರಡರ ಸೀರಿಯಲ್ ನಂಬರ್, ಪ್ರೊಸೆಸರ್ ಬಾಕ್ಸಿನದೋ ಟ್ರೇಯದೋ (ಬಾಕ್ಸಿಲ್ಲದೆ ಬಿಡಿಯಾಗಿ ಬಂದದ್ದು), ಹೊಸದೋ ಬಳಸಿದ್ದೋ ಎಂಬುದನ್ನು ನಮೂದಿಸಿ. ಬಳಸಿದ ಮಾಲನ್ನು ಬಳಸಿದ್ದೆಂದು ಹೇಳಿ ಮಾರುವುದರಲ್ಲಿ ತಪ್ಪಿಲ್ಲ. ಹಾಗೆ ಬರೆದುಕೊಡಲು ಒಪ್ಪದ ಅಂಗಡಿಯಲ್ಲಿ ಗ್ರಾಹಕರು ದುಡ್ಡು ಕೊಡಬಾರದು. ಕೊಟ್ಟು ಮೋಸಹೋದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಪತ್ರಿಕೆಗಳೂ ಕಂಪ್ಯೂಟರ್ ಜಾಹೀರಾತು ಸ್ವೀಕರಿಸುವಾಗ ಜನರೇಷನ್ ಮತ್ತು ಚಿಪ್‌ಸೆಟ್ ಹೆಸರು ಕಡ್ಡಾಯವಾಗಿ ಕೇಳಿ ಪಡೆಯಬೇಕು.

– ಕಂಪ್ಯೂಟರ್ ಜೋಡಣೆ ಮತ್ತು ರಿಪೇರಿ ಕೆಲಸಗಾರರು, ದಾವಣಗೆರೆ