ದೊಡ್ಡ ತೊಟ್ಟಿ ತುಂಬುವ ಮುನ್ನ ತೂಕದ ಲೆಕ್ಕವಿರಲಿ

ಮಾನ್ಯ ಸಂಪಾದಕರೇ,

ದಸರೆಯ ಫಲಪುಷ್ಪ ಪ್ರದರ್ಶನ ನೋಡಲು ಕುಪ್ಪಣ್ಣ ಉದ್ಯಾನಕ್ಕೆ ಹೋದವರಲ್ಲಿ ಅನೇಕರು ಅದರ ಬೆನ್ನಿಗೇ ನರ್ಸರಿಗೆ ಹೋಗಿ ನಿಂಬೆ, ಕರಿಬೇವು, ಮಲ್ಲಿಗೆ ಗಿಡಗಳನ್ನು ಮನೆಗೆ ತರುವುದು ಮೈಸೂರಿನಲ್ಲಿ ಸಾಮಾನ್ಯ. ನಿವೇಶನದ ತುಂಬ ಮನೆ ಕಟ್ಟಿ, ಉಳಿದ ಅಂಗಳಕ್ಕೂ ಟೈಲ್ಸ್ ಹಾಕಿಸಿಕೊಂಡಿರುವ ನಮ್ಮ ಬಡಾವಣೆಗಳಲ್ಲಿ ಮಣ್ಣಿನ ನೆಲವೇ ಉಳಿದಿಲ್ಲವಾದ್ದರಿಂದ, ಈ ಗಿಡಗಳಿಗೆ ತಾರಸಿಯೇ ಗತಿ. ಸಣ್ಣ ಕುಂಡ ಸಾಲದೆಂದು 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮನ್ನು ಅಡ್ಡಲಾಗಿ ಎರಡು ಹೋಳು ಮಾಡಿಸಿ, ಇಲ್ಲವೇ ಸಿಮೆಂಟ್ ತೊಟ್ಟಿ ತಂದು ಅವುಗಳಲ್ಲಿ ನೆಡುತ್ತಾರೆ. ಯಾವ ಗಿಡ ನೆಡಬೇಕು, ಯಾವ ಗೊಬ್ಬರ ಹಾಕಬೇಕು ಎಂಬ ಸಲಹೆ ಎಲ್ಲ ಕಡೆಯೂ ಸಿಗುತ್ತದೆ. ಆದರೆ ಇಂಥ ತೊಟ್ಟಿ ಒಮ್ಮೆ ತುಂಬಿದ ಮೇಲೆ ಇದ್ದಲ್ಲಿಂದ ಅಲುಗದು, ಆದ್ದರಿಂದ ಗಿಡ ಆರಿಸುವ ಮೊದಲೇ ಜಾಗ, ತೂಕ, ನೀರು ಹೋಗುವ ದಾರಿ ಇವೆಲ್ಲ ತೀರ್ಮಾನವಾಗಿರಬೇಕು ಎಂಬುದನ್ನು ಹೇಳುವವರು ಕಡಿಮೆ.

ತೂಕದ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ನೀರು ಕುಡಿದ ಕೆಮ್ಮಣ್ಣು ಲೀಟರಿಗೆ ಒಂದೂವರೆ ಕೆ.ಜಿ.ಗಿಂತ ಹೆಚ್ಚೇ ತೂಗುತ್ತದೆ. ಅಂದರೆ ಅರ್ಧ ಡ್ರಮ್ ತುಂಬ ಬರೀ ಮಣ್ಣು ಹಾಕಿದರೆ ಮಳೆ ಬಂದ ದಿನ ಅದು 150 ಕೆ.ಜಿ. ದಾಟುತ್ತದೆ, ಗಿಡದ ತೂಕ ಬೇರೆ. ಜನ ಓಡಾಡುವ ಚಪ್ಪಟೆ ತಾರಸಿಗೆ, ಕಟ್ಟಡಗಳು ಎಷ್ಟು ಭಾರಕ್ಕೆ ತಯಾರಿರಬೇಕೆಂದು ತಿಳಿಸುವ ಭಾರತೀಯ ಮಾನಕ ಐಎಸ್ 875ರ ಎರಡನೇ ಭಾಗ ಹೇಳುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಎಂದರೆ ಸುಮಾರು 150 ಕೆ.ಜಿ.; ಓಡಾಟವಿಲ್ಲದ ತಾರಸಿಗೆ ಅದರ ಅರ್ಧ ಮಾತ್ರ. ಅರ್ಧ ಡ್ರಮ್ಮಿನ ತಳ ಕಾಲು ಚದರ ಮೀಟರಿನಷ್ಟು ಜಾಗ ಹಿಡಿಯುವುದರಿಂದ ಭಾರವೆಲ್ಲ ಅಷ್ಟರ ಮೇಲೇ ಬೀಳುತ್ತದೆ. ಒಂದು ತೊಟ್ಟಿಯಿಂದ ಯಾವ ಮನೆಯೂ ಬೀಳುವುದಿಲ್ಲ, ನಿಜ. ಆದರೆ ಬಿಸಿಲು ಚೆನ್ನಾಗಿ ಬೀಳುತ್ತದೆಂದು ಸ್ಲ್ಯಾಬಿನ ನಟ್ಟನಡುವೆ ಸಾಲಾಗಿ ಏಳೆಂಟು ತೊಟ್ಟಿ ಇಡುವುದು, ಅದಕ್ಕಿಂತ ಹೆಚ್ಚಾಗಿ ಸಜ್ಜದ ಮೇಲೆ ಅಥವಾ ಹೊರಚಾಚಿದ ಬಾಲ್ಕನಿಯ ಅಂಚಿನಲ್ಲಿ ಇಡುವುದು ಜಾಣತನವಲ್ಲ. ಕೆಳಗೆ ಗೋಡೆಯೋ ಬೀಮೋ ಇರುವ ಕಡೆ ಅವನ್ನು ಹಂಚಿ ಇಡಬೇಕು. ಹಳೆಯ ಮನೆಯಾದರೆ ಎಂಜಿನಿಯರ್ ಒಬ್ಬರನ್ನು ಕರೆಸಿ ತೋರಿಸುವ ಖರ್ಚು ದಂಡವಾಗದು.

ಭಾರ ತಗ್ಗಿಸಲು ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್, ಬೆರೆಸುವುದು ಒಳ್ಳೆಯ ಉಪಾಯವೇ. ಕೊಳ್ಳುವಾಗ ಕೈಗೆ ಹಗುರವೆನಿಸಿದರೂ ಅದು ತನ್ನ ತೂಕದ ಹಲವು ಪಟ್ಟು ನೀರು ಹಿಡಿದಿಟ್ಟುಕೊಳ್ಳುವುದರಿಂದ ಲೆಕ್ಕವನ್ನು ಒದ್ದೆಯಾದ ಸ್ಥಿತಿಗೇ ಹಾಕಬೇಕು. ಅದರಲ್ಲಿ ಉಪ್ಪಿನಂಶವೂ ಇರುತ್ತದೆ. ಬಳಸುವ ಮುನ್ನ ನೆನೆಸಿ, ಹಿಂಡಿ, ನೀರು ಬದಲಿಸಿ ತೊಳೆಯಬೇಕು. ಇಂಥ ಹಗುರ ಮಿಶ್ರಣದ ನಿಜವಾದ ತೊಂದರೆ ಕಾಣುವುದು ಮಾರ್ಚ್ ಏಪ್ರಿಲ್‌ನಲ್ಲಿ. ನಮ್ಮ ನೆರೆಮನೆಯವರ ತೊಟ್ಟಿಯಲ್ಲಿದ್ದ ನಿಂಬೆಗೆ ಬಿಂದಿಗೆ ನೀರು ಹೊಯ್ದ ಕೂಡಲೇ ತಳದ ತೂತಿನಿಂದ ಅಷ್ಟೂ ನೀರು ಹರಿದು ಬರುತ್ತಿತ್ತು, ಎಲೆ ಮಾತ್ರ ಮುರುಟಿಕೊಂಡೇ ಇತ್ತು. ಕುಡುಗೋಲಿನ ತುದಿಯಿಂದ ಕೆದಕಿ ನೋಡಿದರೆ ಮೂರು ಬೆರಳು ಕೆಳಗೆ ಮಿಶ್ರಣ ಒಣಹುಡಿಯಾಗಿತ್ತು. ಪೂರ್ತಿ ಒಣಗಿದ ಮಿಶ್ರಣ ಕುಗ್ಗಿ, ಅದಕ್ಕೂ ತೊಟ್ಟಿಯ ಗೋಡೆಗೂ ನಡುವೆ ಸಂದು ಬಿಡುತ್ತದೆ, ಹೊಯ್ದ ನೀರು ಆ ಸಂದಿನಲ್ಲೇ ಇಳಿದುಹೋಗುತ್ತದೆ. ಇಂಥಲ್ಲಿ ಅಂಚಿನ ಮಣ್ಣನ್ನು ಒತ್ತಿ ಸಂದು ಮುಚ್ಚಿ, ಸ್ವಲ್ಪ ಸ್ವಲ್ಪವಾಗಿ ಬಿಟ್ಟು ಬಿಟ್ಟು ನೀರು ಕೊಡುವುದೇ ದಾರಿ. ಒಣ ಎಲೆಯನ್ನೋ ತೆಂಗಿನ ಸಿಪ್ಪೆಯನ್ನೋ ಮೇಲೆ ಹೊದಿಸಿದರೆ ಈ ಸ್ಥಿತಿಗೆ ಬರುವುದೇ ತಪ್ಪುತ್ತದೆ. ಕಡು ಬಣ್ಣದ ಡ್ರಮ್ಮಿಗೆ ಪಡುವಣ ಬಿಸಿಲು ನೇರವಾಗಿ ಬಿದ್ದರೆ ಬೇರು ಬೇಯುತ್ತದೆ. ಆ ಬದಿಗೆ ಸುಣ್ಣ ಬಳಿದರೂ ಆದೀತು.

ತಳದಲ್ಲಿ ಒಂದು ಗೇಣು ಜಲ್ಲಿ ತುಂಬಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು, ಅಷ್ಟೇ ತಪ್ಪು. ನುಣ್ಣನೆಯ ಮಣ್ಣು ಪೂರ್ತಿ ನೆನೆದು ತುಂಬುವ ತನಕ ಅದರೊಳಗಿನ ನೀರು ಕೆಳಗಿನ ಒರಟು ಜಲ್ಲಿಗೆ ಇಳಿಯುವುದಿಲ್ಲ. ಹೀಗಾಗಿ ತಳದಲ್ಲಿ ಇರುತ್ತಿದ್ದ ಕೆಸರಿನ ಪದರ ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬರುತ್ತದೆ, ತೂಕವೂ ವ್ಯರ್ಥವಾಗಿ ಏರುತ್ತದೆ. ತಳದಲ್ಲೂ ಪಕ್ಕದ ಬುಡದಲ್ಲೂ ಸಾಕಷ್ಟು ತೂತು ಕೊರೆದು, ಮಣ್ಣು ಜಾರದಂತೆ ಒಂದು ತುಂಡು ಬಲೆ ಹಾಸಿ, ತೊಟ್ಟಿಯನ್ನು ಇಟ್ಟಿಗೆಗಳ ಮೇಲೆ ಎತ್ತರಿಸಿದರೆ ನೀರೂ ಹೋಗುತ್ತದೆ, ತಾರಸಿಯೂ ಒಣಗುತ್ತದೆ. ಅಡಿಗೆ ತಟ್ಟೆ ಇಟ್ಟವರು ಮಳೆಗಾಲದಲ್ಲಿ ಅದನ್ನು ತೆಗೆದುಬಿಡುವುದು ಲೇಸು. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಷ್ಟು ನಿಂತ ನೀರು ಸಾಕು, ಮೊಟ್ಟೆ ಸೊಳ್ಳೆಯಾಗಲು ಒಂದು ವಾರ ಹತ್ತು ದಿನ ಸಾಕು.

ಇನ್ನು ಮಣ್ಣು ಬದಲಿಸುವ ಪ್ರಶ್ನೆ. ಗೊಬ್ಬರ ಕೊಳೆತು ಕರಗಿದಂತೆ ತೊಟ್ಟಿಯ ಮಣ್ಣು ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ, ಬೇರು ಗೋಡೆಯ ಸುತ್ತ ಸುರುಳಿ ಸುತ್ತಿಕೊಳ್ಳುತ್ತದೆ. ಕೊಳವೆಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಮೇಲೆ ಬಿಳಿಯ ಉಪ್ಪಿನ ಹೊದಿಕೆ ಕಟ್ಟಿ ಎಲೆಯ ತುದಿ ಸುಡುತ್ತದೆ. ಸಣ್ಣ ಕುಂಡವಾದರೆ ಮಗುಚಿ ಹಾಕಬಹುದು, ಅರ್ಧ ಡ್ರಮ್ಮನ್ನು ಮಗುಚುವವರು ಯಾರು? ಬೇಸಿಗೆ ಕಳೆದು ಮಳೆ ಹಿಡಿದ ಮೇಲೆ ತೊಟ್ಟಿಯ ಒಂದು ಬದಿಯ ಮಣ್ಣನ್ನು, ಸುಮಾರು ಕಾಲುಭಾಗದಷ್ಟು, ಬೇರುಸಮೇತ ಹಳೆಯ ಗರಗಸದಿಂದ ಕೊಯ್ದು ತೆಗೆದು, ಆ ಜಾಗಕ್ಕೆ ಹೊಸ ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬಿ, ಅದಕ್ಕೆ ತಕ್ಕಂತೆ ಮೇಲಿನ ಕೊಂಬೆಗಳನ್ನೂ ಸವರಬೇಕು; ಮುಂದಿನ ವರ್ಷ ಇನ್ನೊಂದು ಬದಿ. ಮಲ್ಲಿಗೆಯನ್ನು ಹೇಗೂ ಸವರುತ್ತೇವಾದ್ದರಿಂದ ಅದಕ್ಕೆ ಇದು ಹೆಚ್ಚುವರಿ ಕೆಲಸವೂ ಅಲ್ಲ. ಆದರೆ ಇದಕ್ಕೆಲ್ಲ ತೊಟ್ಟಿಯ ಸುತ್ತ ಒಬ್ಬರು ಕೂತು ಕೆಲಸ ಮಾಡುವಷ್ಟು ಜಾಗ ಬಿಟ್ಟಿರಬೇಕು. ಪ್ಯಾರಪೆಟ್ಟಿಗೆ ಒತ್ತಿ ಇಟ್ಟವರು ಆಮೇಲೆ ಒಂದೇ ಬದಿಯಿಂದ ಒದ್ದಾಡುತ್ತಾರೆ.

ತೋಟಗಾರಿಕೆ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ: ಮುಂದಿನ ಫಲಪುಷ್ಪ ಪ್ರದರ್ಶನದಲ್ಲಿ ಅಲಂಕಾರದ ಕುಂಡಗಳ ನಡುವೆ ಮಣ್ಣು ತುಂಬಿ ನೀರುಣಿಸಿದ ಒಂದು ಅರ್ಧ ಡ್ರಮ್ಮನ್ನು ತಕ್ಕಡಿಯ ಮೇಲೆ ಇಟ್ಟು ತೋರಿಸಲಿ, ಉದ್ದಕ್ಕೆ ಸೀಳಿದ ಇನ್ನೊಂದು ತೊಟ್ಟಿಯಲ್ಲಿ ನೀರು ಎಲ್ಲಿ ನಿಲ್ಲುತ್ತದೆ, ಬೇರು ಹೇಗೆ ಸುತ್ತುತ್ತದೆ ಎಂಬುದು ಕಾಣುವಂತೆ ಮಾಡಲಿ. ತೊಟ್ಟಿ ಮಾರುವ ನರ್ಸರಿಯವರೂ ಒದ್ದೆ ಮಣ್ಣು ತುಂಬಿದಾಗ ಅದು ಎಷ್ಟು ತೂಗುತ್ತದೆಂದು ಬೆಲೆಯ ಚೀಟಿಯಲ್ಲೇ ಬರೆದರೆ ಕೊಳ್ಳುವವರಿಗೆ ಉಪಕಾರವಾಗುತ್ತದೆ.

ಇಂತಿ,
ಒಬ್ಬ ಓದುಗ
ಕುವೆಂಪುನಗರ, ಮೈಸೂರು