ಗೂಡಿನ ಫೋಟೊ ಹಾಕಬೇಡಿ

ಮಾನ್ಯ ಸಂಪಾದಕರೇ,

ಓದುಗರು ತೆಗೆದ ಫೋಟೊ ನೀವು ಹಾಕ್ತೀರಲ್ಲ, ಅದನ್ನು ನೋಡಿಯೇ ನಾನು ಬೇರೆ ಪುಟ ತಿರುಗಿಸುದು. ಇತ್ತೀಚೆಗೆ ಅದ್ರಲ್ಲಿ ಗೂಡಿನ ಫೋಟೊಗಳೇ ಜಾಸ್ತಿ ಬರ್ತಾ ಉಂಟು, ಮರಿಗಳು ಬಾಯಿ ಕಳೆದು ಕೂತದ್ದು, ತಾಯಿ ಹುಳ ಕಚ್ಚಿಕೊಂಡು ಬಂದದ್ದು. ನೋಡ್ಲಿಕ್ಕೆ ಚಂದವೇ. ಆದ್ರೆ ದಯವಿಟ್ಟು ಅದನ್ನು ಹಾಕಬೇಡಿ ಅಂತ ಕೇಳ್ಲಿಕ್ಕೇ ಈ ಪತ್ರ ಬರೀತಾ ಇದ್ದೇನೆ.

ಕಳೆದ ಬೇಸಿಗೆಯಲ್ಲಿ ನಮ್ಮ ಚಾವಡಿ ಎದುರಿನ ದಾಸವಾಳದ ಗೆಲ್ಲಿಗೆ ಸೂರಕ್ಕಿ ಗೂಡು ಕಟ್ಟಿತ್ತು. ಜೇಡರ ಬಲೆಯ ನೂಲು, ತೊಗಟೆಯ ಚೂರು, ಒಣಗಿದ ಎಲೆ ಎಲ್ಲ ಅಂಟಿಸಿ ಚೀಲದ ಹಾಗೆ ನೇತಾಡಿಸಿದ ಗೂಡು, ಬಾಗಿಲಿನ ಮೇಲೆ ಸಣ್ಣ ಒಂದು ಮಾಡು ಸಹ. ಮರಿ ಆಗಿತ್ತು. ಪರಿಚಯದವರೊಬ್ರು ಕ್ಯಾಮರಾ ಹಿಡ್ಕೊಂಡು ಬಂದ್ರು, ಎಲೆ ಅಡ್ಡ ಬರ್ತದೆ ಅಂತ ನಾಲ್ಕೈದು ಎಲೆ ಕಿತ್ತು ಹಾಕಿದ್ರು, ನಾನು ಪಕ್ಕದಲ್ಲೇ ನಿಂತಿದ್ದೆ, ಬೇಡ ಅಂತ ಬಾಯಿ ಬಿಡ್ಲಿಲ್ಲ, ಅದು ಇವತ್ತಿಗೂ ಚುಚ್ತದೆ. ಮರುದಿನ ಬೆಳಿಗ್ಗೆ ಅದೇ ಗೆಲ್ಲಲ್ಲಿ ಕೆಂಬೂತ ಕೂತಿತ್ತು, ಗೂಡು ಹರಿದು ಜೋತು ಬಿದ್ದಿತ್ತು. ತಾಯಿ ಹಕ್ಕಿ ಕೊಕ್ಕಲ್ಲಿ ಜೇಡ ಹಿಡ್ಕೊಂಡು ಎರಡು ಮೂರು ಸಲ ಬಂದು ಹುಡುಕಿ ಹೋಯ್ತು.

ಎಲೆ ಅಂದ್ರೆ ಅದಕ್ಕೆ ಮನೆಯ ಗೋಡೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಮೊಟ್ಟೆಗೆ, ಗೂಡಿಗೆ ತೊಂದ್ರೆ ಕೊಡುದನ್ನು ಬೇಟೆ ಅನ್ನುವ ಅರ್ಥದೊಳಗೇ ಸೇರಿಸಿದ್ದಾರೆ, ಇದು ಎಷ್ಟು ಜನಕ್ಕೆ ಗೊತ್ತುಂಟು?

ಫೋಟೊವೇ ತೆಗೀಬೇಡಿ ಅಂತ ನಾನು ಹೇಳುದಲ್ಲ. ಚಳಿಗಾಲ ಕಳೀಲಿಕ್ಕೆ ನವರಂಗ ನಮ್ಮ ತೋಟಕ್ಕೆ ಬರ್ತದೆ, ಅಷ್ಟು ದೂರದಿಂದ ರಾತ್ರಿ ಹಾರಿ ಬರುವ ಹಕ್ಕಿ. ಬೆಳಿಗ್ಗೆ, ಮುಸ್ಸಂಜೆ ಎರಡು ಸ್ವರದಲ್ಲಿ ಸಿಳ್ಳೆ ಹಾಕ್ತದೆ, ಅಡಕೆ ಮರದ ಬುಡದಲ್ಲಿ ತರಗೆಲೆ ಮಗುಚಿ ಮಗುಚಿ ಹುಳ ಹುಡುಕ್ತದೆ. ಒಂದು ಕಡೆ ಅಲ್ಲಾಡದೆ ಅರ್ಧ ಗಂಟೆ ಕೂತ್ರೆ ಅದೇ ಎದುರಿಗೆ ಬರ್ತದೆ. ಮೊಬೈಲಲ್ಲಿ ಅದರ ಕೂಗು ಹಾಕಿ ಕರೆಯುವವರು ಇದ್ದಾರೆ, ತನ್ನ ಜಾಗಕ್ಕೆ ಇನ್ನೊಂದು ಬಂತು ಅಂತ ತಿಳ್ಕೊಂಡು ಅದು ತಿನ್ನುದನ್ನು ಬಿಟ್ಟು ಓಡಿ ಬರ್ತದೆ, ಪಾಪ. ಹಾಗೆ ಮಾಡ್ಬಾರ್ದು.

ಮನಸ್ಸು ತುಂಬ ಕ್ಲಿಕ್ ಮಾಡ್ಬೇಕು ಅನ್ನುವವರು ಪಣಂಬೂರು ಬೀಚಿಗೆ ಹೋಗಿ. 1974ರಲ್ಲಿ ಶುರುವಾದ ನವಮಂಗಳೂರು ಬಂದರಿಗೆ ಬರುವ ಹಡಗುಗಳು ಹೊರಗೆ ಕಡಲಲ್ಲಿ ಲಂಗರು ಹಾಕಿ ಕಾಯ್ತಾ ಇರ್ತವೆ, ಬೆಳಿಗ್ಗೆ ಹೋದ್ರೆ ಸೂರ್ಯ ನಮ್ಮ ಬೆನ್ನಿಗೆ ಇರ್ತಾನೆ, ಹಡಗಿನ ಬಣ್ಣ ಸರಿ ಕಾಣ್ತದೆ. ಖಾಲಿ ಹಡಗಾದ್ರೆ ನೀರಿಂದ ಮೇಲೆ ಎದ್ದು ಕೆಳಗಿನ ಕೆಂಪು ಪೇಂಟು ಕಾಣ್ತದೆ, ಲೋಡ್ ಆದದ್ದು ಮುಳುಗಿ ಕೂತಿರ್ತದೆ. ನೂರು ಫೋಟೊ ತೆಗೆದ್ರೂ ಹಡಗಿಗೆ ಏನೂ ಆಗುದಿಲ್ಲ. ಬಂದರಿನ ಒಳಗೆ ಮಾತ್ರ ಅನುಮತಿ ಇಲ್ಲದೆ ತೆಗೀಬೇಡಿ.

ಕ್ರೂಸ್ ಹಡಗಲ್ಲಿ ಬಂದವರು ಕದ್ರಿ, ಕುದ್ರೋಳಿ ದೇವಸ್ಥಾನ ನೋಡ್ಲಿಕ್ಕೆ ಬರ್ತಾರಲ್ಲ, ಕೆಲವ್ರು ಅವರ ಮುಖಕ್ಕೇ ಮೊಬೈಲ್ ಹಿಡೀತಾರೆ. ಭಾಷೆ ಬಾರದಿದ್ರೂ ಕೈಸನ್ನೆಯಲ್ಲಿ ಒಂದು ಮಾತು ಕೇಳಬಹುದು.

ಸಂಪಾದಕರೇ, ಹಕ್ಕಿಯ ಫೋಟೊ ಹಾಕುವಾಗ ಜಿಲ್ಲೆಯ ಹೆಸರು ಮಾತ್ರ ಹಾಕಿ ಸಾಕು, ಯಾವ ತೋಟ, ಯಾವ ಮರ ಅಂತ ಬರೆದ್ರೆ ಮರುದಿನ ಅಲ್ಲಿಗೆ ಹತ್ತು ಜನ ಹೋಗ್ತಾರೆ. ಗೂಬೆಯದ್ದಾದ್ರೆ ಅದೂ ಬೇಡ, ಮಾಟದ ಮೂಢನಂಬಿಕೆಯಿಂದ ಗೂಬೆ ಹಿಡಿಯುವವರು ಇದ್ದಾರೆ.

ಈ ವರ್ಷ ಅದೇ ದಾಸವಾಳಕ್ಕೆ ಹೆಣ್ಣು ಸೂರಕ್ಕಿ ಪುನಃ ನಾರು ತರ್ಲಿಕ್ಕೆ ಶುರು ಮಾಡಿದೆ. ಮರಿಗಳು ಹಾರಿ ಹೋದ ಮೇಲೆ ಖಾಲಿ ಗೂಡಿನ ಫೋಟೊ ಕಳಿಸ್ತೇನೆ, ಅದನ್ನು ಬೇಕಾದ್ರೆ ಹಾಕಿ.

– ನಿಮ್ಮ ಓದುಗ, ಸುರತ್ಕಲ್