ತೀರ್ಥದ ಜೊತೆ ಮಾತ್ರೆಯೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ನಮ್ಮ ಊರ ಕಡೆಯವರ ಸಂಘವೊಂದಿದೆ. ಅದರ ವಾರ್ಷಿಕೋತ್ಸವದಲ್ಲಿ 'ದೇವರಾಯಿ' ಎಂಬ ಮರಾಠಿ ಸಿನಿಮಾ ತೋರಿಸೋಣ ಎಂದು ನಾನು ಕೇಳಿದ್ದೆ. "ಶುಭ ಕಾರ್ಯದ ದಿನ ಹುಚ್ಚಿನ ಸಿನಿಮಾ ಯಾಕಮ್ಮ?" ಎಂದರು ಸಂಘದವರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಅದಕ್ಕೇ ಈ ಪತ್ರ.

2004ರ ಈ ಚಿತ್ರ ಮಾಡಿದವರು ಪುಣೆಯ ಸುಮಿತ್ರಾ ಭಾವೆ ಮತ್ತು ಸುನಿಲ್ ಸುಕ್ತಣಕರ್. ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮನೋರೋಗ ಬಂದ ಶೇಷ ಎಂಬವನ ಕತೆ. ಆ ಪಾತ್ರ ಅತುಲ್ ಕುಲಕರ್ಣಿಯವರದು. ಕನ್ನಡದ 'ಆ ದಿನಗಳು' ನೋಡಿದವರಿಗೆ ಅವರು ಗೊತ್ತು. 'ದೇವರಾಯಿ'ಯಲ್ಲಿ ನಟಿಸಿರುವ ಮೋಹನ್ ಆಗಾಶೆ ನಿಜ ಜೀವನದಲ್ಲಿ ಮನೋವೈದ್ಯರು. ದೇವರಾಯಿ ಎಂದರೆ ದೇವರ ಕಾಡು. ನಮ್ಮ ಊರುಗಳಲ್ಲಿ ನಾಗಬನ ಇದೆಯಲ್ಲ, ಹೆಚ್ಚುಕಡಿಮೆ ಹಾಗೆಯೇ. ಕತ್ತಿ ಹಾಕಬಾರದ ಜಾಗ. ಶೇಷನ ಮನಸ್ಸು ಊರಿನ ಆ ಕಾಡಿನಲ್ಲೇ ಸಿಕ್ಕಿಕೊಂಡಿದೆ.

ನಮ್ಮ ಮನೆಯಲ್ಲೂ ಒಬ್ಬ ಶೇಷ ಇದ್ದಾನೆ. ನನ್ನ ತಮ್ಮ. ಹದಿನೇಳನೇ ವಯಸ್ಸಿಗೆ ಊರು ಬಿಟ್ಟು ಬಂದು ಮಾವನ ಹೋಟೆಲಿನ ಗಲ್ಲೆಯಲ್ಲಿ ಕೂತವನು. ಇಪ್ಪತ್ತೆರಡರಲ್ಲಿ ಅವನಿಗೆ ನಿದ್ದೆ ಬಾರದಾಯಿತು. ಗಿರಾಕಿಗಳೆಲ್ಲ ತನ್ನ ಬಗ್ಗೆಯೇ ಮಾತಾಡುತ್ತಾರೆ ಎನ್ನತೊಡಗಿದ. ಚಿಕ್ಕಂದಿನಲ್ಲಿ ಬನದ ಒಂದು ಗೆಲ್ಲು ಮುರಿದಿದ್ದನಂತೆ, ಅದಕ್ಕೇ ಈ ಶಿಕ್ಷೆ ಎಂದು ಕಿವಿಯಲ್ಲಿ ಯಾರೋ ಹೇಳುತ್ತಿದ್ದರು. ಆ ದನಿ ತುಳುವಿನಲ್ಲಿ ಬರುತ್ತಿತ್ತು. ಡಾಕ್ಟರು ಕೇಳುತ್ತಿದ್ದದ್ದು ಹಿಂದಿಯಲ್ಲಿ. ನಡುವೆ ನಾನು.

ಡಾಕ್ಟರು ಮಾತ್ರೆ ಬರೆದುಕೊಟ್ಟರೂ ನಾವು ಮೊದಲು ಹೋದದ್ದು ಊರಿಗೆ. ದರ್ಶನ ಆಯಿತು, ಆಶ್ಲೇಷಾ ಬಲಿ ಎಂಬ ನಾಗಪೂಜೆ ಆಯಿತು. ಅದು ತಪ್ಪು ಎಂದು ನಾನು ಇವತ್ತಿಗೂ ಹೇಳುವುದಿಲ್ಲ. ಅಮ್ಮನಿಗೆ ಧೈರ್ಯ ಬಂತು. "ನಿನ್ನ ತಪ್ಪಿಗೆ ಪರಿಹಾರ ಆಯಿತು" ಎಂದು ತಮ್ಮನ ತಲೆ ಮುಟ್ಟಿ ಹೇಳುವವರು ಅಲ್ಲಿದ್ದರು. ಆದರೆ ದನಿ ನಿಲ್ಲಲಿಲ್ಲ. ಅದು ತಗ್ಗಿದ್ದು ವಾಪಸು ಬಂದು ಮಾತ್ರೆ ಶುರು ಮಾಡಿ ಐದಾರು ವಾರದ ಮೇಲೆ. ಈ ಮಾತ್ರೆಗಳಿಗೆ ವಾರಗಟ್ಟಲೆ ಹಿಡಿಯುತ್ತದೆ ಎಂದು ಮೊದಲೇ ಗೊತ್ತಿದ್ದಿದ್ದರೆ ಮನೆಯಲ್ಲಿ ಎಷ್ಟು ಜಗಳ ತಪ್ಪುತ್ತಿತ್ತು!

ನಾವು ತಪ್ಪಿದ್ದು ಆಮೇಲೆ. ಹುಡುಗ ಚೆನ್ನಾಗಿದ್ದಾನಲ್ಲ ಎಂದುಕೊಂಡು, ಯಾರದೋ ಮಾತು ಕೇಳಿ, 48 ದಿನದ ವ್ರತಕ್ಕಾಗಿ ಮಾತ್ರೆ ನಿಲ್ಲಿಸಿದೆವು. ವ್ರತ ಮುಗಿಯುವ ಮೊದಲೇ ಅವನು ಆಸ್ಪತ್ರೆ ಸೇರಿದ. ಮಾತ್ರೆಗೂ ಅದರ ಕಷ್ಟ ಇದೆ, ಮುಚ್ಚಿಡುವುದಿಲ್ಲ. ತೂಕ ಏರಿತು, ಕೈ ನಡುಗಿತು, ಹಗಲೆಲ್ಲ ತೂಕಡಿಕೆ. ಅದನ್ನು ಡಾಕ್ಟರಿಗೆ ಹೇಳಿದರೆ ಪ್ರಮಾಣ ಇಳಿಸುತ್ತಾರೆ, ಬೇರೆ ಮಾತ್ರೆ ಕೊಡುತ್ತಾರೆ. ನಾವೇ ಬಿಟ್ಟುಬಿಟ್ಟರೆ ಕಾಯಿಲೆ ಮರಳಿ ಬರುವ ಭಯ ಜಾಸ್ತಿ. ಇದನ್ನು ನಮಗೆ ಕೊನೆಗೂ ಮನವರಿಕೆ ಮಾಡಿದವರು ಊರಿನ ದೇವಸ್ಥಾನದ ಭಟ್ರು. "ತೀರ್ಥ ತಗೊಂಡ ಮೇಲೆ ಮಾತ್ರೆಯನ್ನೂ ತಗೊಳ್ಳಬೇಕು ಮಗಾ" ಎಂದರು. ಅವತ್ತಿನಿಂದ ತಮ್ಮ ಸಂಜೆ ದೀಪ ಹಚ್ಚಿ, ಕೈಮುಗಿದು, ಮಾತ್ರೆ ನುಂಗುತ್ತಾನೆ. ಒಂದು ದಿನವೂ ತಪ್ಪಿಸಿಲ್ಲ.

ಗುಜರಾತಿನ ಉನಾವಾ ದರ್ಗಾದಲ್ಲಿ ಇದನ್ನೇ 'ದವಾ ಮತ್ತು ದುವಾ', ಅಂದರೆ ಔಷಧಿ ಮತ್ತು ಪ್ರಾರ್ಥನೆ, ಎಂಬ ಹೆಸರಿನಲ್ಲಿ ಮಾಡಿದ್ದಾರೆ. ಹರಕೆ ಹೊತ್ತು ಬಂದವರನ್ನು ದರ್ಗಾದವರೇ ಮನೋವೈದ್ಯರ ಹತ್ತಿರ ಕಳಿಸುತ್ತಾರೆ. ಔಷಧಿಯೇ ಬೇಡ ಎಂದು ಕೂತರೆ ಏನಾಗುತ್ತದೆ ಎಂಬುದನ್ನು ತಮಿಳುನಾಡಿನ ಎರ್ವಾಡಿಯಲ್ಲಿ ನೋಡಿದ್ದೇವೆ. ಗುಣವಾಗಲೆಂದು ಅಲ್ಲಿನ ದರ್ಗಾಕ್ಕೆ ಕರೆತಂದ ಮನೋರೋಗಿಗಳನ್ನು ಇಟ್ಟಿದ್ದ ಶೆಡ್ಡಿಗೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿ ಹಾಕಿದ್ದರಿಂದ ಓಡಲಾಗದೆ 28 ಜನ ಸತ್ತರು. ಸರಪಳಿ ಹಾಕುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

'ದೇವರಾಯಿ' ಬಂದ ವರ್ಷವೇ ನಮ್ಮ 'ಆಪ್ತಮಿತ್ರ' ಕೂಡ ಬಂದಿತ್ತು. ಅದರಲ್ಲಿ ಮನೋವೈದ್ಯರೂ ಆಚಾರ್ಯರೂ ಕೈಜೋಡಿಸುವುದು ನನಗೆ ತುಂಬಾ ಇಷ್ಟ. ಆದರೆ ಅಲ್ಲಿ ಒಂದು ರಾತ್ರಿಯಲ್ಲಿ ಎಲ್ಲ ಗುಣ. ಅಂಥ ಒಂದು ರಾತ್ರಿಗಾಗಿ ನಾವೂ ವರ್ಷಗಟ್ಟಲೆ ಕಾದೆವು. 'ದೇವರಾಯಿ' ಆ ಆಸೆ ಹುಟ್ಟಿಸುವುದಿಲ್ಲ. ಕಾಯಿಲೆಯ ಜೊತೆಗೇ ಬದುಕುವುದು ಹೇಗೆ, ನೋಡಿಕೊಳ್ಳುವ ಸೋದರಿ ಎಷ್ಟು ಸೋಲುತ್ತಾಳೆ ಎಂಬುದನ್ನು ತೋರಿಸುತ್ತದೆ. ಆ ಸೋದರಿಯ ಪಾತ್ರದ ಸೋನಾಲಿ ಕುಲಕರ್ಣಿಯವರ ಮುಖ ನೋಡುತ್ತಾ ನಾನು ಮೊದಲ ಸಲ ನನಗಾಗಿ ಅತ್ತೆ.

ಸಂಘದ ಹಿರಿಯರಿಗೆ 'ಶರಪಂಜರ' ನೆನಪಿರುತ್ತದೆ, ಅಲ್ವಾ? ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಮತ್ತೆ ಆಸ್ಪತ್ರೆಗೆ ದೂಡಿದ್ದು ಮನೆಯವರ ಅನುಮಾನ, ಅಕ್ಕಪಕ್ಕದವರ ಪಿಸುಮಾತು. ಅವಳಿಗಾಗಿ ಕಣ್ಣೀರು ಹಾಕಿದವರು "ಹುಚ್ಚಿನ ಸಿನಿಮಾ" ಎನ್ನಬಾರದು.

ವಾರ್ಷಿಕೋತ್ಸವ ಬೇಡವಾದರೆ ಬೇಡ, ಯಾವುದಾದರೂ ಒಂದು ಭಾನುವಾರ ತೋರಿಸಿ. ಮರಾಠಿ ನಮಗೆಲ್ಲ ಅರ್ಥವಾಗುತ್ತದೆ. ಬಾಗಿಲಲ್ಲಿ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ದೊಡ್ಡದಾಗಿ ಬರೆದು ಹಾಕಿ; ಅಲ್ಲಿ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ತಮ್ಮನೂ ಬರುತ್ತೇನೆ ಎಂದಿದ್ದಾನೆ. ಮಧ್ಯಾಹ್ನದ ಹೊತ್ತು ಇಟ್ಟುಕೊಂಡರೆ ಒಳ್ಳೆಯದು. ಸಂಜೆಯ ಮಾತ್ರೆ ನುಂಗಿದ ಮೇಲೆ ಅವನಿಗೆ ಬೇಗ ನಿದ್ದೆ ಬರುತ್ತದೆ.

– ಒಬ್ಬ ಅಕ್ಕ, ಡೊಂಬಿವಲಿ